ನಾದದ ಜಾತಕ

ನಮ್ಮ ಮನೆಯಲ್ಲಿ ‘ಮಿಡಿ’ ಎಂದರೆ ಇಂದಿಗೂ ಮಾವಿನ ಮಿಡಿಯೇ. ಅದರ ವ್ಯವಹಾರವೆಲ್ಲ ಜಾಡಿ, ಉಪ್ಪು, ಸಾಸಿವೆಗಳಿಗೆ ಸಂಬಂಧಪಟ್ಟದ್ದು. ನಿಘಂಟನ್ನು ತೆರೆದರೆ ತಂತಿಯನ್ನು ಮೀಟುವುದಕ್ಕೂ ಮಿಡಿಯುವುದೆಂಬ ಹೆಸರುಂಟು. ಮರುಕದಿಂದ ಎದೆ ಮಿಡಿಯುವುದೂ ಉಂಟು. ಇವುಗಳ ಜೊತೆಗೆ ೧೯೮೩ರಲ್ಲಿ ಅಮೆರಿಕದ ಮತ್ತು ಜಪಾನಿನ ವಾದ್ಯ ತಯಾರಕರು ಸೇರಿ ಇನ್ನೊಂದು ‘ಮಿಡಿ’ಯನ್ನು ಲೋಕಕ್ಕೆ ಕೊಟ್ಟರು. ಅದು ಇಂಗ್ಲಿಷಿನ ನಾಲ್ಕು ಪದಗಳ ಮೊದಲ ಅಕ್ಷರಗಳಿಂದಾದ ಹೆಸರು; ಕನ್ನಡಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಈ ಮಿಡಿಯ ಕಥೆಯನ್ನು ಹೇಳಹೊರಟಿರುವ ನನಗೆ ಉಳಿದ ಮಿಡಿಗಳೂ ಬೇಕಾಗಿವೆ. ಏಕೆಂದರೆ ಇದು ನಾದವನ್ನು ಕೆಡದಂತೆ ಜಾಡಿಯಲ್ಲಿ ಹಾಕಿಡುವ ವಿದ್ಯೆಯ ಚರಿತ್ರೆ. ಜಾಡಿಯನ್ನು ನಾನೇ ಒಮ್ಮೆ ಒಡೆದುಕೊಂಡ ಕಥೆಯೂ ಹೌದು.

ನಾನು ಸಂಗೀತ ವಿದ್ವಾಂಸನಲ್ಲ. ಹಗಲಿನಲ್ಲಿ ಬ್ಯಾಂಕಿನ ಲೆಡ್ಜರು ಬರೆದು, ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ರಾತ್ರಿಯ ಹೊತ್ತು ಬೆಂಗಳೂರಿನ ಬೀದಿಗಳ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಕೀಬೋರ್ಡು ನುಡಿಸುತ್ತಿದ್ದವನು. ೧೯೮೭ರಲ್ಲಿ ‘ಪ್ರೇಮಲೋಕ’ ಬಂದ ಮೇಲೆ ಜನ ಕೇಳುತ್ತಿದ್ದ ಹಾಡುಗಳನ್ನು ಹಾರ್ಮೋನಿಯಮ್ಮನ್ನು ನಂಬಿಕೊಂಡು ನುಡಿಸುವಂತಿರಲಿಲ್ಲ. ನಮ್ಮ ತಂಡದ ಹಿರಿಯರು ನಿವೃತ್ತ ಶಾಲಾ ಉಪಾಧ್ಯಾಯರು. ಎಲ್ಲರಿಗೂ ಅವರು ‘ಮೇಷ್ಟ್ರು’. ಅವರು ಮದರಾಸಿನಿಂದ ಕೈಬದಲಾದ ಒಂದು ಡಿಜಿಟಲ್ ಸಿಂಥೆಸೈಜರನ್ನು ತರಿಸಿದರು. ಅದರಲ್ಲಿ ಪಿಯಾನೊ, ಗಂಟೆ, ಪಿಟೀಲು, ತುತ್ತೂರಿ ಎಲ್ಲವೂ ಇದ್ದವು. ಇಲ್ಲದಿದ್ದುದು ಒಂದೇ: ನಮ್ಮ ಓಲಗ. ಮೇಷ್ಟ್ರಿಗೆ ಬೇಕಾದುದೂ ಅದೇ. ಮಳೆಗಾಲ ಪೂರ್ತಿ ಕುಳಿತು ಅವರು ಯಂತ್ರದ ಹೊಟ್ಟೆಯೊಳಗಿನ ಅಂಕಿಗಳನ್ನು ಒಂದೊಂದಾಗಿ ಬದಲಾಯಿಸಿ ಓಲಗದ ನಾದವನ್ನು ಕಟ್ಟಿದರು. ಕಟ್ಟಿ ಮುಗಿದ ದಿನ ನಾನು ಹೋದಾಗ ರೂಲು ಹಾಕಿದ ಲೆಕ್ಕದ ಪುಸ್ತಕವೊಂದರಲ್ಲಿ ಸಾಲಾಗಿ ಅಂಕಿಗಳನ್ನು ಬರೆಯುತ್ತಿದ್ದರು.

“ಇದೇನು ಮೇಷ್ಟ್ರೇ, ಜಾತಕ ಬರೀತಾ ಇದೀರ?” ಎಂದೆ.

“ಹೌದಯ್ಯ, ಜಾತಕವೇ. ಹುಟ್ಟಿದ ಗಳಿಗೆ ಬರೆದಿಡದೆ ಹೋದರೆ ಆಮೇಲೆ ಯಾರನ್ನ ಕೇಳ್ತೀಯ?”

ಯಂತ್ರಕ್ಕೇ ನೆನಪಿನ ಶಕ್ತಿ ಇರುವಾಗ ಈ ಗುಮಾಸ್ತೆಯ ಕೆಲಸವೇಕೆ ಎಂದು ನಾನು ನಕ್ಕೆ. ಆ ನಗೆಗೆ ತೆತ್ತ ದಂಡವನ್ನು ಮುಂದೆ ಹೇಳುತ್ತೇನೆ. ಮೊದಲು ಇಂಥ ಜಾತಕಗಳ ಪೂರ್ವೇತಿಹಾಸವನ್ನು ನೋಡೋಣ.

ನಮ್ಮಲ್ಲಿ ಸ್ವರಲಿಪಿ ಇದೆ. ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಅಚ್ಚುಮಾಡಿಸಿದ ಗ್ರಂಥವನ್ನು ನೋಡಿಕೊಂಡು ಇಂದಿಗೂ ಕೃತಿಗಳನ್ನು ಕಲಿಯುತ್ತಾರೆ. ಆದರೆ ಲಿಪಿಯಲ್ಲಿ ನಿಲ್ಲುವುದು ಸ್ವರ, ತಾಳ, ಸಾಹಿತ್ಯ, ಬಹಳವಾದರೆ ಗಮಕದ ಗುರುತು. ನಾದದ ಬಣ್ಣ ಅದರಲ್ಲಿ ನಿಲ್ಲದು. ಮೈಸೂರಿನ ವೀಣೆ ಶೇಷಣ್ಣನವರ ರಚನೆಗಳನ್ನು ಬರೆದಿಡಬಹುದು. ಅವರ ಮೀಟಿನ ನಾದವನ್ನು ಬರೆಯಲು ಯಾವ ಅಕ್ಷರವಿದೆ? ಮರ, ತಂತಿ, ಚರ್ಮಗಳ ವಾದ್ಯಗಳಲ್ಲಿ ನಾದವೆಂಬುದು ಮಾಡಿದವನ ಉಳಿಯಲ್ಲಿ ಅರ್ಧ, ನುಡಿಸಿದವನ ಬೆರಳಿನಲ್ಲಿ ಅರ್ಧ. ಅದಕ್ಕೆ ಜಾತಕ ಬರೆಯುವ ಪ್ರಶ್ನೆಯೇ ಇರಲಿಲ್ಲ. ಆ ಪ್ರಶ್ನೆ ಎದ್ದುದು ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸತೊಡಗಿದ ಮೇಲೆ.

೧೯೬೪ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಬರ್ಟ್ ಮೂಗ್ ಎಂಬಾತ ಹರ್ಬರ್ಟ್ ಡಾಯ್ಷ್ ಎಂಬ ಸಂಗೀತ ರಚನಕಾರನ ಸಹಾಯದಿಂದ ಹೊಸ ಬಗೆಯ ಯಂತ್ರವನ್ನು ಮಾಡಿದ. ಅದನ್ನು ಕಪಾಟಿನಂತೆ ಜೋಡಿಸಿದ ಪೆಟ್ಟಿಗೆಗಳೆನ್ನಬಹುದು. ಒಂದು ಪೆಟ್ಟಿಗೆ ಕಂಪನವನ್ನು ಹುಟ್ಟಿಸುತ್ತದೆ. ಇನ್ನೊಂದು ಅದನ್ನು ಸೋಸುತ್ತದೆ. ಮತ್ತೊಂದು ಅದರ ಏರಿಳಿತವನ್ನು ನೋಡಿಕೊಳ್ಳುತ್ತದೆ. ಯಾವ ಪೆಟ್ಟಿಗೆಯಿಂದ ಯಾವುದಕ್ಕೆ ವಿದ್ಯುತ್ತು ಹರಿಯಬೇಕೆಂಬುದನ್ನು ತುದಿಗೆ ಮೊಳೆಯಿರುವ ತಂತಿಗಳನ್ನು ಸಿಕ್ಕಿಸಿ ನಿರ್ಣಯಿಸಬೇಕು. ಟ್ರಂಕ್ ಕಾಲ್ ಕಾಲದ ಟೆಲಿಫೋನ್ ಎಕ್ಸ್‌ಚೇಂಜನ್ನು ಕಂಡವರಿಗೆ ಈ ದೃಶ್ಯ ಪರಿಚಿತ. ಹೀಗೆ ತಂತಿಗಳನ್ನು ಸಿಕ್ಕಿಸಿ ಕಟ್ಟಿದ ಒಂದು ನಾದವ್ಯವಸ್ಥೆಗೆ ‘ಪ್ಯಾಚ್’ ಎಂದು ಹೆಸರಾಯಿತು. ತಂತಿಗಳೆಲ್ಲ ಹೋಗಿ ಎಷ್ಟೋ ಕಾಲವಾದರೂ ಹೆಸರು ಮಾತ್ರ ಉಳಿದುಕೊಂಡಿದೆ.

ಈ ಯಂತ್ರಕ್ಕೆ ಮರೆವು ಸಹಜಗುಣ. ಮಧ್ಯಾಹ್ನವೆಲ್ಲ ತಂತಿ ಸಿಕ್ಕಿಸಿ, ಗುಂಡಿಗಳನ್ನು ತಿರುಗಿಸಿ ಒಂದು ನಾದವನ್ನು ಪಡೆದರೆ, ಇನ್ನೊಂದು ನಾದ ಬೇಕಾದಾಗ ಮೊದಲನೆಯದನ್ನು ಕೆಡವಲೇಬೇಕು. ೧೯೬೮ರಲ್ಲಿ ಹೊರಬಂದು ಲೋಕಪ್ರಸಿದ್ಧವಾದ ವೆಂಡಿ ಕಾರ್ಲೋಸರ ಬಾಕ್ ಧ್ವನಿಮುದ್ರಿಕೆಯನ್ನು ಒಂದು ಸಲಕ್ಕೆ ಒಂದೇ ಸ್ವರಪಂಕ್ತಿಯಂತೆ ಟೇಪಿನ ಮೇಲೆ ಪದರ ಪದರವಾಗಿ ಕಟ್ಟಲಾಯಿತು. ೧೯೭೦ರಲ್ಲಿ ಹೊತ್ತೊಯ್ಯಬಹುದಾದ ಮಿನಿಮೂಗ್ ಬಂದಾಗ ತಂತಿಗಳು ಪೆಟ್ಟಿಗೆಯೊಳಗೆ ಅಡಗಿದವು. ಮರೆವು ಮಾತ್ರ ಅಡಗಲಿಲ್ಲ. ನುಡಿಸುವವರು ವಾದ್ಯದ ಮುಖದ ನಕ್ಷೆಯನ್ನು ಹಾಳೆಯ ಮೇಲೆ ಇಟ್ಟುಕೊಂಡು, ಯಾವ ಗುಂಡಿ ಯಾವ ಕಡೆಗೆ ತಿರುಗಿದೆಯೆಂದು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ನಮ್ಮ ಮೇಷ್ಟ್ರು ಮಾಡಿದುದು ಈ ಸಂಪ್ರದಾಯದ ಕೆಲಸವನ್ನೇ.

ಇಂಥ ಮೂಗ್ ಯಂತ್ರವೊಂದು ೧೯೬೯ರಲ್ಲಿಯೇ ಭಾರತಕ್ಕೆ ಬಂದಿತ್ತೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ನಿಲ್ಲಿಸಿದ. ೧೯೭೨ರವರೆಗೆ ನಮ್ಮವರೇ ಕೆಲವರು ಅದರ ಮೇಲೆ ಪ್ರಯೋಗಗಳನ್ನು ನಡೆಸಿ ಟೇಪುಗಳಲ್ಲಿ ಹಿಡಿದಿಟ್ಟರು. ಆ ಟೇಪುಗಳು ಸಂಸ್ಥೆಯ ದಫ್ತರದಲ್ಲಿ ದಶಕಗಳ ಕಾಲ ಮಲಗಿದ್ದು, ಬ್ರಿಟನ್ನಿನ ಪಾಲ್ ಪರ್ಗಸ್ ಎಂಬ ಕಲಾವಿದನ ಹುಡುಕಾಟದಿಂದ ಬೆಳಕು ಕಂಡು, ೨೦೨೩ರಲ್ಲಿ ಧ್ವನಿಮುದ್ರಿಕೆಯಾಗಿ ಪ್ರಕಟವಾದವು. ಅವನ್ನು ಇಂದು ಕೇಳಬಹುದು. ಆದರೆ ಕೇಳಿದ ನಾದದಿಂದ ಹೊಸದೊಂದು ರಾಗವನ್ನು ನುಡಿಸಲಾಗದು. ಯಂತ್ರ ಆ ಕ್ಷಣದಲ್ಲಿ ಹೇಗೆ ಕಟ್ಟಲ್ಪಟ್ಟಿತ್ತೆಂಬುದು ತಂತಿಗಳನ್ನು ಕಿತ್ತ ಗಳಿಗೆಯಲ್ಲಿಯೇ ಹೋಯಿತು. ಟೇಪು ಉಳಿಸುವುದು ನುಡಿಸಿದ್ದನ್ನು. ಪ್ಯಾಚು ಉಳಿಸುವುದು ಮುಂದೆ ನುಡಿಸಬಹುದಾದುದನ್ನು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಮರೆವಿನ ಯಂತ್ರಕ್ಕೆ ನೆನಪು ಕೊಟ್ಟವರಲ್ಲಿ ಮುಖ್ಯನಾದವನು ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್. ೧೯೭೮ರಲ್ಲಿ ಅವನ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿ ಪ್ರಾಫೆಟ್-೫ ಎಂಬ ವಾದ್ಯವನ್ನು ಹೊರತಂದಿತು. ಗಣಕಯಂತ್ರಗಳಲ್ಲಿ ಬಳಸುವ ಮೈಕ್ರೋಪ್ರೊಸೆಸರನ್ನು ಅದರೊಳಗೆ ಕೂರಿಸಲಾಗಿತ್ತು. ಅದು ಎಲ್ಲ ಗುಂಡಿಗಳ ಸ್ಥಿತಿಯನ್ನೂ ಅಂಕಿಗಳಾಗಿ ಓದಿಕೊಂಡು ನೆನಪಿನಲ್ಲಿಡುತ್ತಿತ್ತು. ಮೊದಲ ಮಾದರಿಯಲ್ಲಿ ೪೦ ನಾದಗಳಿಗೆ ಸ್ಥಳವಿತ್ತು. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಒತ್ತುಗುಂಡಿ ಸಾಕು. ಹಾಳೆಯೂ ಬೇಡ, ಪೆನ್ಸಿಲೂ ಬೇಡ. ನಾದ ಅಂಕಿಯಾದುದು ಇಲ್ಲಿ. ಅಂಕಿಯಾದ ಮೇಲೆ ಅದನ್ನು ಎಣಿಸಬಹುದು, ಸಾಗಿಸಬಹುದು, ನಕಲು ಮಾಡಬಹುದು, ಅಳಿಸಿಯೂ ಬಿಡಬಹುದು.

ಆದರೆ ಒಬ್ಬೊಬ್ಬ ತಯಾರಕನ ಯಂತ್ರ ಒಂದೊಂದು ಭಾಷೆಯಲ್ಲಿ ಮಾತನಾಡುತ್ತಿತ್ತು. ಸ್ಮಿತ್ ೧೯೮೧ರಲ್ಲಿ ಒಂದು ಸಾಮಾನ್ಯ ಭಾಷೆಯ ಸಲಹೆಯನ್ನು ವಿದ್ವತ್ಸಭೆಯ ಮುಂದಿಟ್ಟ. ಜಪಾನಿನ ರೋಲೆಂಡ್ ಕಂಪನಿಯ ಇಕುಟಾರೊ ಕಾಕೆಹಾಶಿ ಆ ಕಡೆಯ ತಯಾರಕರನ್ನು ಒಗ್ಗೂಡಿಸಿದ. ೧೯೮೩ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯಗಳ ಮೇಳವೊಂದರಲ್ಲಿ ಸ್ಮಿತ್‌ನ ವಾದ್ಯವನ್ನೂ ರೋಲೆಂಡಿನ ವಾದ್ಯವನ್ನೂ ಒಂದು ತಂತಿಯಿಂದ ಕೂಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಇದೇ ಮಿಡಿ. ಇಬ್ಬರು ಪೈಪೋಟಿಗಾರರು ಸೇರಿ ಕಟ್ಟಿದ ಈ ಭಾಷೆಗಾಗಿ ೨೦೧೩ರಲ್ಲಿ ಇಬ್ಬರಿಗೂ ಒಟ್ಟಿಗೆ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂದಿತು. ಕಾಕೆಹಾಶಿ ೨೦೧೭ರಲ್ಲಿ, ಸ್ಮಿತ್ ೨೦೨೨ರಲ್ಲಿ ತೀರಿಕೊಂಡರು.

ಮಿಡಿಯಲ್ಲಿ ಸ್ವರವನ್ನು ಒತ್ತಿದ, ಬಿಟ್ಟ ಸುದ್ದಿಗಳಲ್ಲದೆ ಇನ್ನೊಂದು ಜಾತಿಯ ಸಂದೇಶಕ್ಕೂ ಅವಕಾಶವಿಟ್ಟರು. ೨೪೦ ಎಂಬ ಅಂಕಿಯಿಂದ ಅದು ಮೊದಲಾಗುತ್ತದೆ, ೨೪೭ರಿಂದ ಮುಗಿಯುತ್ತದೆ. ೨೪೦ರ ಹಿಂದೆಯೇ ತಯಾರಕನ ನಂಬರು ಬರುತ್ತದೆ: ಸೀಕ್ವೆನ್ಷಿಯಲ್ಲಿಗೆ ೧, ರೋಲೆಂಡಿಗೆ ೬೫, ಯಮಹಾಕ್ಕೆ ೬೭. ಆಮೇಲೆ ಆ ತಯಾರಕ ತನ್ನ ಯಂತ್ರಕ್ಕೆ ಹೇಳಬೇಕಾದ ಖಾಸಗಿ ಮಾತನ್ನು ಹೇಳಬಹುದು. ವಿಳಾಸ ತನ್ನದಲ್ಲದಿದ್ದರೆ ಉಳಿದ ಯಂತ್ರಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂಚೆಯವನು ಎಲ್ಲರ ಬಾಗಿಲಿಗೂ ಹೋದರೂ ಕಾಗದವನ್ನು ಒಡೆಯುವವನು ವಿಳಾಸದಾರನೊಬ್ಬನೇ ಎಂಬಂತೆ. ವಾದ್ಯದೊಳಗಿನ ಪ್ಯಾಚುಗಳು ಹೊರಗೆ ಬಂದು ಗಣಕಯಂತ್ರವನ್ನು ಸೇರಿದುದು ಈ ಬಾಗಿಲಿನಿಂದ.

ಬಾಗಿಲಿನ ಅಗತ್ಯ ಎಷ್ಟೆಂಬುದನ್ನು ತೋರಿಸಿಕೊಟ್ಟದ್ದು ಅದೇ ೧೯೮೩ರಲ್ಲಿ ಬಂದ ಯಮಹಾ ಡಿಎಕ್ಸ್-೭. ಅದರ ತತ್ತ್ವವನ್ನು ೧೯೬೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದಿದ್ದ. ನಮ್ಮ ವೈಣಿಕರು ತಂತಿಯನ್ನು ಅಲುಗಿಸಿ ಸ್ವರಕ್ಕೆ ಕಂಪಿತವನ್ನು ಕೊಡುತ್ತಾರಲ್ಲವೆ? ಆ ಅಲುಗಾಟ ಸೆಕೆಂಡಿಗೆ ಐದಾರು ಸಲ ನಡೆದರೆ ಕಿವಿಗೆ ಅದು ಗಮಕ. ಯಂತ್ರದಿಂದ ಅದನ್ನೇ ಸೆಕೆಂಡಿಗೆ ನೂರಾರು ಸಲ ಮಾಡಿದರೆ ಅಲುಗಾಟ ಅಲುಗಾಟವಾಗಿ ಕೇಳಿಸುವುದಿಲ್ಲ. ನಾದದ ಬಣ್ಣವೇ ಬದಲಾಗುತ್ತದೆ. ಡಿಎಕ್ಸ್-೭ರಲ್ಲಿ ಇಂಥ ಕಂಪನಗಳನ್ನು ಹುಟ್ಟಿಸುವ ಆರು ‘ಆಪರೇಟರು’ಗಳಿವೆ, ಯಾವುದು ಯಾವುದನ್ನು ಅಲುಗಿಸಬೇಕೆಂಬುದಕ್ಕೆ ೩೨ ಬಗೆಯ ಜೋಡಣೆಗಳಿವೆ. ಒಂದೊಂದು ಆಪರೇಟರಿಗೆ ೨೧ ಅಂಕಿಗಳು, ಒಟ್ಟು ನಾದಕ್ಕೆ ಇನ್ನೂ ೧೯, ಕೂಡಿದರೆ ೧೪೫. ಹೆಸರಿಗೆ ಹತ್ತು ಅಕ್ಷರ. ವಾದ್ಯದೊಳಗೆ ೩೨ ನಾದಗಳಿಗೆ ಮನೆ.

೧೪೫ ಅಂಕಿಗಳನ್ನು ತಿದ್ದಲು ಕೊಟ್ಟಿದ್ದ ಸಾಧನವಾದರೂ ಏನು? ಹದಿನಾರು ಅಕ್ಷರಗಳ ಎರಡು ಸಾಲು ಹಿಡಿಯುವ ಕಿರುಪರದೆ, ಜಾರಿಸುವ ಒಂದು ಕಡ್ಡಿ, ಮತ್ತು ಹೆಚ್ಚು-ಕಡಿಮೆ ಮಾಡುವ ಎರಡು ಒತ್ತುಗುಂಡಿಗಳು. ಒಂದು ಸಲಕ್ಕೆ ಒಂದೇ ಅಂಕಿ ಕಣ್ಣಿಗೆ ಬೀಳುತ್ತಿತ್ತು. ಬಾಗಿಲ ಸಂದಿಯಿಂದ ರಥೋತ್ಸವವನ್ನು ನೋಡಿದಂತೆ. ಲಕ್ಷಕ್ಕೂ ಮೇಲೆ ಮಾರಾಟವಾದ ಈ ವಾದ್ಯವನ್ನು ಕೊಂಡವರಲ್ಲಿ ಬಹುಪಾಲು ಜನ ಕಾರ್ಖಾನೆಯಿಂದ ಬಂದ ನಾದಗಳಿಗೇ ತೃಪ್ತರಾದರು. ಅದರ ‘ಇ. ಪಿಯಾನೊ ೧’ ಎಂಬ ಒಂದೇ ನಾದ ಆ ದಶಕದ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಕೇಳಿಸುವುದಕ್ಕೆ ರುಚಿಯಂತೆ ಈ ಕಷ್ಟವೂ ಕಾರಣವಿರಬೇಕು. ಬ್ರಯಾನ್ ಈನೊ ಅವರಂಥ ಕೆಲವರು ಮಾತ್ರ ಹಟ ಹಿಡಿದು ಅದರ ಒಳಹೊಕ್ಕರು.

ಈ ಕಷ್ಟಕ್ಕೆ ಪರಿಹಾರವಾಗಿ ಹುಟ್ಟಿದುದು ಪ್ಯಾಚುಗಳನ್ನು ತಿದ್ದುವ ಮತ್ತು ಅಚ್ಚುಕಟ್ಟಾಗಿ ಇಡುವ ತಂತ್ರಾಂಶ. ಆಪಲ್ ಕಂಪನಿಯ ಮ್ಯಾಕಿಂಟಾಷ್ ೧೯೮೪ರಲ್ಲಿಯೂ, ಮಿಡಿಯ ಬಾಗಿಲನ್ನು ತನ್ನ ಮೈಯಲ್ಲಿಯೇ ಪಡೆದಿದ್ದ ಅಟಾರಿ ಎಸ್‌ಟಿ ೧೯೮೫ರಲ್ಲಿಯೂ ಬಂದವು. ೧೯೮೫ರಲ್ಲಿಯೇ ಡೇವ್ ಓಪನ್‌ಹೈಮ್ ಎಂಬಾತ ಆಪ್‌ಕೋಡ್ ಎಂಬ ಸಂಸ್ಥೆಯನ್ನು ಕಟ್ಟಿದ. ಅದರ ಮೊದಮೊದಲ ಸರಕುಗಳಲ್ಲಿ ಡಿಎಕ್ಸ್-೭ರ ಪ್ಯಾಚುಗಳಿಗೆ ಸಂಬಂಧಿಸಿದ ತಂತ್ರಾಂಶವೂ ಇತ್ತು. ಇಂಥ ತಂತ್ರಾಂಶದಲ್ಲಿ ಎರಡು ಕೆಲಸಗಳು. ಒಂದು ‘ಎಡಿಟರ್’: ೧೪೫ ಅಂಕಿಗಳೂ ಪರದೆಯ ಮೇಲೆ ಒಟ್ಟಿಗೆ ಹರಡುತ್ತವೆ, ನಾದದ ಏರಿಳಿತ ಬೆಟ್ಟದ ಸಾಲಿನ ಚಿತ್ರದಂತೆ ಕಾಣುತ್ತದೆ. ಇನ್ನೊಂದು ‘ಲೈಬ್ರೇರಿಯನ್’, ಅಂದರೆ ಗ್ರಂಥಪಾಲನ ಕೆಲಸ: ಸಾವಿರಾರು ನಾದಗಳನ್ನು ಹೆಸರು, ಜಾತಿಗಳಂತೆ ವಿಂಗಡಿಸಿ, ಇಂದಿನ ಕಾರ್ಯಕ್ರಮಕ್ಕೆ ಬೇಕಾದ ೩೨ನ್ನು ಹಾಡುಗಳ ಕ್ರಮದಲ್ಲಿ ಜೋಡಿಸಿ, ಒಂದೇ ಕಟ್ಟಾಗಿ ವಾದ್ಯಕ್ಕೆ ರವಾನಿಸುವುದು.

ಈ ಕೆಲಸಕ್ಕೆ ವಾದ್ಯ ಎದುರಿಗಿರಬೇಕಾಗಿಲ್ಲವೆಂಬುದೇ ಇದರ ವಿಶೇಷ. ವಾದ್ಯ ಪೆಂಡಾಲಿನಲ್ಲಿ ಮಲಗಿರಲಿ, ಲಾರಿಯಲ್ಲಿ ಊರಿಂದೂರಿಗೆ ಹೋಗುತ್ತಿರಲಿ, ಮನೆಯ ಊಟದ ಮೇಜಿನ ಮೇಲೆ ಕುಳಿತು ನಾದವನ್ನು ತಿದ್ದಬಹುದು. ಆದರೆ ಆ ಕಾಲದಲ್ಲಿ ಒಂದು ಕೊರತೆಯಿತ್ತು: ತಂತಿ ಜೋಡಿಸದ ಹೊರತು ತಿದ್ದಿದ್ದು ಕೇಳಿಸುತ್ತಿರಲಿಲ್ಲ. ಉಪ್ಪು ನೋಡದೆ ಅಡುಗೆ ಮಾಡಿದಂತೆ, ಅಭ್ಯಾಸಬಲದಿಂದ ನಂಬಿ ಮಾಡಬೇಕು. ರುಚಿ ಗೊತ್ತಾಗುವುದು ಬಡಿಸಿದಾಗ.

ಈಗ ನನ್ನ ಕಥೆಗೆ ಬರುತ್ತೇನೆ. ಕಣ್ಣು ಮಂಜಾದ ಮೇಲೆ ಮೇಷ್ಟ್ರು ತಮ್ಮ ವಾದ್ಯವನ್ನೂ ಲೆಕ್ಕದ ಪುಸ್ತಕವನ್ನೂ ನನಗೆ ಕೊಟ್ಟರು. ಆ ಕಾರ್ತಿಕದಲ್ಲಿಯೇ ತೀರಿಕೊಂಡರು. ವಾದ್ಯ ಆರು ಆಪರೇಟರುಗಳ ಆ ವಂಶಕ್ಕೇ ಸೇರಿದ್ದು. ಅದರ ೩೨ ಮನೆಗಳಲ್ಲಿ ಒಂಬತ್ತರಲ್ಲಿ ಅವರು ಕಟ್ಟಿದ ನಾದಗಳಿದ್ದವು. ಅವುಗಳಲ್ಲಿ ಓಲಗ ಒಂದು. ಎರಡು ವರ್ಷಗಳ ಮೇಲೆ ತಂಡದ ಹುಡುಗನೊಬ್ಬ ಕಂಪ್ಯೂಟರು ಕೊಂಡು, ಎಡಿಟರ್ ತಂತ್ರಾಂಶವನ್ನು ಎಲ್ಲಿಂದಲೋ ಸಂಪಾದಿಸಿ, “ಸಾರ್, ಹೊಸ ಸೌಂಡ್ಸ್ ಬಂದಿವೆ, ಹಾಕಿ ನೋಡೋಣವಾ?” ಎಂದ. ನಾನು ಹೂಂ ಎಂದೆ. ಆಕಸ್ಮಿಕವಾಗಿ ಅಳಿಸಿಹೋಗದಿರಲೆಂದು ಇಂಥ ವಾದ್ಯಗಳಲ್ಲಿ ನೆನಪಿಗೆ ಒಂದು ಬೀಗವಿರುತ್ತದೆ. ಆ ಬೀಗವನ್ನು ತೆಗೆದವನೂ ನಾನೇ.

೩೨ ನಾದಗಳ ಒಂದು ಕಟ್ಟೆಂದರೆ ೪,೧೦೪ ಬೈಟುಗಳು. ಮಿಡಿಯ ತಂತಿಯಲ್ಲಿ ಸೆಕೆಂಡಿಗೆ ೩,೧೨೫ ಬೈಟುಗಳು ಹರಿಯುತ್ತವೆ. ಲೆಕ್ಕ ಹಾಕಿದರೆ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಹೊಸ ಕಟ್ಟು ಬಂದರೆ ಹಳೆಯ ೩೨ಕ್ಕೂ ಅದೇ ಕೊನೆ. ಹಳೆಯದನ್ನು ಮೊದಲು ಕಂಪ್ಯೂಟರಿಗೆ ತೆಗೆದುಕೊಂಡು, ಆಮೇಲೆ ಹೊಸದನ್ನು ಕಳುಹಿಸಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಇಬ್ಬರಿಗೂ ಅದು ತಿಳಿದಿರಲಿಲ್ಲ. ಪಿಯಾನೊಗಳೂ ಗಂಟೆಗಳೂ ಹೊಸ ಕಾಂತಿಯಿಂದ ನುಡಿದವು. ಓಲಗವನ್ನು ಕರೆದರೆ ಅದರ ಮನೆಯಲ್ಲಿ ಯಾವುದೋ ವಿದೇಶಿ ಕೊಳಲು ಕುಳಿತಿತ್ತು. ಮೇಷ್ಟ್ರ ಒಂದು ಮಳೆಗಾಲದ ಶ್ರಮ ನಾನು ಒಂದು ಸಲ ಉಸಿರು ಬಿಡುವಷ್ಟರಲ್ಲಿ ಹೋಯಿತು. ಪುಸ್ತಕವನ್ನು ಹುಡುಕಿದೆ. ಬಾಡಿಗೆಯ ಮನೆ ಬದಲಾಯಿಸುವಾಗ ಅದು ಎಲ್ಲಿ ಸೇರಿತೋ ಸಿಗಲಿಲ್ಲ. ತಪ್ಪು ಯಂತ್ರದ್ದಲ್ಲ, ಹುಡುಗನದೂ ಅಲ್ಲ. ಮೇಷ್ಟ್ರ ಮಗಳಿಗೆ ಈ ವಿಷಯವನ್ನು ಹೇಳುವ ಧೈರ್ಯ ನನಗೆ ಬಹಳ ವರ್ಷ ಬರಲಿಲ್ಲ. ವಾದ್ಯವೂ ಕ್ರಮೇಣ ಕೆಟ್ಟು ಕೈಬಿಟ್ಟು ಹೋಯಿತು.

ಈ ನಡುವೆ ತಂತ್ರಾಂಶಗಳ ಕಥೆಯೂ ವೈಭವದ ಕಥೆಯಾಗಿ ಉಳಿಯಲಿಲ್ಲ. ಆಪ್‌ಕೋಡನ್ನು ೧೯೯೮ರಲ್ಲಿ ಗಿಟಾರು ತಯಾರಿಸುವ ಗಿಬ್ಸನ್ ಕಂಪನಿ ಕೊಂಡುಕೊಂಡಿತು. ಸ್ವಲ್ಪ ಕಾಲದಲ್ಲಿಯೇ ಅದರ ಕೆಲಸ ನಿಂತಿತು. ಪ್ಯಾಚುಗಳನ್ನು ಕಾಪಾಡಬೇಕಾಗಿದ್ದ ತಂತ್ರಾಂಶಗಳೇ ಅನಾಥವಾದವು. ಹೊಸ ಕಂಪ್ಯೂಟರುಗಳಲ್ಲಿ ಅವು ನಡೆಯವು. ತಂತ್ರಾಂಶದ ಖಾಸಗಿ ಲಿಪಿಯಲ್ಲಿ ಮಾತ್ರ ಸಂಗ್ರಹವಿಟ್ಟಿದ್ದವರು ಅದರ ಜೊತೆಗೇ ಸಂಕಟಕ್ಕೆ ಬಿದ್ದರು. ಯಮಹಾ ಪ್ರಕಟಿಸಿದ್ದ ಕ್ರಮದಂತೆ, ೨೪೦ರಿಂದ ೨೪೭ರವರೆಗಿನ ಸಾದಾ ಕಟ್ಟುಗಳಾಗಿಯೇ ಇಟ್ಟಿದ್ದವರ ಸಂಗ್ರಹಗಳು ಉಳಿದುಕೊಂಡವು. ಆ ಅಂಕಿಗಳಲ್ಲಿ ಯಾವುದಕ್ಕೆ ಏನರ್ಥವೆಂದು ಎಲ್ಲರಿಗೂ ತಿಳಿದಿದ್ದುದರಿಂದ ಅವುಗಳನ್ನು ಓದುವ ಹೊಸ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯಬಹುದಾಗಿತ್ತು. ಬರೆದರು ಕೂಡ. ನಮ್ಮ ಓಲೆಗರಿಗಳು ಹಲವು ಮಠಗಳಲ್ಲಿ, ಹಲವು ಕೈಗಳಲ್ಲಿ ಪ್ರತಿಯಾದುದರಿಂದ ಉಳಿದವು. ಒಬ್ಬನ ಪೆಟ್ಟಿಗೆಯಲ್ಲಿ ಬೀಗ ಬಿದ್ದದ್ದನ್ನು ಹುಳು ತಿಂದಿತು. ಯಂತ್ರಯುಗದಲ್ಲಿಯೂ ನ್ಯಾಯ ಬೇರೆಯಾಗಿಲ್ಲ.

ಹೀಗೆ ಬಂದವುಗಳಲ್ಲಿ ‘ಡೆಕ್ಸ್‌ಡ್’ ಎಂಬ ಉಚಿತ ತಂತ್ರಾಂಶ ಒಂದು. ಇದರ ನಾದಯಂತ್ರಕ್ಕೆ ಆಧಾರವಾದುದು ಗೂಗಲ್ ಸಂಸ್ಥೆಯಲ್ಲಿದ್ದ ರಾಫ್ ಲೆವಿಯನ್ ಎಂಬಾತ ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟ ಕೆಲಸ. ಇದು ಹಳೆಯ ಕಟ್ಟುಗಳನ್ನು ಓದುತ್ತದೆ, ತಿದ್ದಗೊಡುತ್ತದೆ, ಬೇಕಾದರೆ ನಿಜವಾದ ಡಿಎಕ್ಸ್-೭ಕ್ಕೆ ಕಳುಹಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ವಾದ್ಯವೇ ಇಲ್ಲದಿದ್ದರೂ ತಾನೇ ಆ ನಾದವನ್ನು ನುಡಿಸಿ ತೋರಿಸುತ್ತದೆ. ಉಪ್ಪು ನೋಡದೆ ಅಡುಗೆ ಮಾಡುವ ಕಾಲ ಮುಗಿಯಿತು.

೨೦೨೦ರ ಲಾಕ್‌ಡೌನಿನಲ್ಲಿ ಮನೆಯಿಂದ ಹೊರಗೆ ಹೋಗುವಂತಿರಲಿಲ್ಲ. ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸುವಾಗ, ಹಳೆಯ ಪಂಚಾಂಗಗಳ ಕಟ್ಟಿನೊಳಗೆ ಮೇಷ್ಟ್ರ ಲೆಕ್ಕದ ಪುಸ್ತಕ ಸಿಕ್ಕಿತು! ಅದರಲ್ಲಿ ಓಲಗದ ಪುಟ: ಆರು ಸಾಲು, ಸಾಲಿಗೆ ೨೧ ಅಂಕಿ, ಕೆಳಗೆ ೧೯. ನನ್ನ ಲೆಡ್ಜರಿನ ಅಭ್ಯಾಸ ಕೊನೆಗೂ ಉಪಯೋಗಕ್ಕೆ ಬಂದಿತು. ಮಗನ ಲ್ಯಾಪ್‌ಟಾಪಿನಲ್ಲಿ ಡೆಕ್ಸ್‌ಡನ್ನು ತೆರೆದು, ಊಟದ ಮೇಜಿನ ಮೇಲೆ ಪುಸ್ತಕವಿಟ್ಟುಕೊಂಡು, ಒಂದೊಂದೇ ಅಂಕಿಯನ್ನು ಇಳಿಸುತ್ತ ಹೋದೆ. ನಾಲ್ಕನೆಯ ಸಾಲಿನಲ್ಲಿ ನಿಂತೆ. ಆ ಆಪರೇಟರಿನ ಪ್ರಮಾಣವನ್ನು ಹೇಳುವ ಎರಡಂಕಿಯ ಸಂಖ್ಯೆಯಲ್ಲಿ ಮೊದಲನೆಯದು ೭ ಎಂದು ಓದಲಾಗುತ್ತಿತ್ತು; ಎರಡನೆಯದನ್ನು ಹುಳು ತಿಂದಿತ್ತು.

೭೦ರಿಂದ ೭೯ರವರೆಗೆ ಹತ್ತು ಸಾಧ್ಯತೆಗಳು. ಹತ್ತನ್ನೂ ಹಾಕಿ ಕೇಳಿದೆ. ಕಡಿಮೆಯಾದರೆ ಕ್ಲಾರಿಯೊನೆಟ್ಟಿನ ಸಪ್ಪೆ. ಹೆಚ್ಚಾದರೆ ತಗಡಿನ ಸದ್ದು. ೭೪ರಲ್ಲಿ ಕೈ ನಿಂತಿತು. ಮದುವೆಯ ಮನೆಯ ಬಾಗಿಲಲ್ಲಿ ಬೆಳಗಿನ ಜಾವ ಕೇಳಿಸುತ್ತದಲ್ಲ, ಆ ಮೂಗುಬಣ್ಣದ ನಾದ. ಮೇಷ್ಟ್ರು ಬರೆದಿದ್ದುದು ೭೪ ಆಗಿತ್ತೆಂದು ನಾನು ಪ್ರಮಾಣ ಮಾಡಲಾರೆ. ೧೪೪ ಅಂಕಿಗಳು ಅವರವು. ಒಂದು ನನ್ನ ಕಿವಿಯದು.

ಮೋಹನದಲ್ಲಿ ನಾಲ್ಕು ಸಾಲು ನುಡಿಸಿ, ಅವರ ಮಗಳಿಗೆ ಫೋನು ಮಾಡಿ, ಹಳೆಯ ತಪ್ಪನ್ನೆಲ್ಲ ಮೊದಲು ಒಪ್ಪಿಕೊಂಡು, ಆಮೇಲೆ ಕೇಳಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಅಪ್ಪನ ಓಲಗವೇ ಮಾಮ ಇದು. ಆದರೆ ನುಡಿಸಿದ್ದು ಅಪ್ಪ ಅಲ್ಲ” ಎಂದಳು.

ಅವಳ ಮಾತು ನಿಜ. ಮೇಷ್ಟ್ರು ನುಡಿಸಿದ ಒಂದು ಟೇಪೂ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಅಹಮದಾಬಾದಿನಲ್ಲಿ ನುಡಿಸಿದ್ದು ಉಳಿದು ನಾದದ ಜಾತಕ ಹೋಯಿತು. ಇಲ್ಲಿ ಜಾತಕ ಉಳಿದು ನುಡಿಸಿದ್ದು ಹೋಯಿತು. ಎರಡನ್ನೂ ಉಳಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ನಮಗೆ ಅದರ ಯೋಚನೆ ಬರಲಿಲ್ಲ.

ಉಳಿದ ಎಂಟು ನಾದಗಳನ್ನೂ ಅದೇ ಪುಸ್ತಕದಿಂದ ಇಳಿಸಿ ಒಂದು ಕಟ್ಟು ಮಾಡಿದೆ. ಅವಳಿಗೊಂದು ಪ್ರತಿ, ತಂಡದ ಹಳೆಯ ಹುಡುಗನಿಗೊಂದು, ಮೈಸೂರಿನಲ್ಲಿರುವ ಗೆಳೆಯರಿಬ್ಬರಿಗೆ ಒಂದೊಂದು ಕಳುಹಿಸಿದ್ದೇನೆ. ೭೪ರ ಎದುರಿಗೆ, ಇದು ಊಹೆಯ ಅಂಕಿ ಎಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಪುಸ್ತಕ ಈಗ ಅಟ್ಟದ ಮೇಲಿಲ್ಲ, ಹಾರ್ಮೋನಿಯಮ್ಮಿನ ಪಕ್ಕದಲ್ಲಿದೆ.